ನಮ್ಮ ಮನೆಯ ಹುಂಜದ ಸೊಂಟ

ಒಂದು ಮನೆಯಲ್ಲಿ ಯಾರ ಸ್ಥಾನ ಎಲ್ಲಿದೆ ಎಂದು ತಿಳಿಯಬೇಕಾದರೆ ಕೋಳಿ ಸಾರು ಮಾಡಿದ ದಿನ ಅವರವರ ತಟ್ಟೆ ನೋಡಿದರೆ ಸಾಕು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಅರಿಶಿನಕುಂಟೆಯ ನಮ್ಮ ಮನೆಯಲ್ಲಿ ಈ ವಿಷಯ ಯಾರೂ ಬರೆದಿಡದೆಯೂ ಯಾರೂ ಮೀರದ ಕಾನೂನು. ಅಳಿಯ ಬಂದಿದ್ದರೆ ಎರಡು ತೊಡೆಯೂ ಅವರಿಗೆ. ಬಾರದಿದ್ದರೆ ಅಪ್ಪನಿಗೊಂದು, ಚಿಕ್ಕಪ್ಪನಿಗೊಂದು. ರೆಕ್ಕೆಗಳು ಚಿಕ್ಕಪ್ಪನ ಮಕ್ಕಳಿಗೆ. ಕುತ್ತಿಗೆ ಅಜ್ಜಿಗೆ, ಏಕೆಂದರೆ ಹಲ್ಲಿಲ್ಲದಿದ್ದರೂ ಅದನ್ನು ಸಂಜೆಯವರೆಗೆ ಚೀಪಬಹುದು. ಇನ್ನು ಸೊಂಟ. ಅದನ್ನು ಚಿಕ್ಕಪ್ಪ ಕೊರಡಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಒಂದೇ ಮಚ್ಚಿನೇಟಿಗೆ ಸರಿಯಾಗಿ ನಡುವೆ ಸೀಳುತ್ತಿದ್ದರು. ಅರ್ಧ ಅಮ್ಮನಿಗೆ, ಅರ್ಧ ಚಿಕ್ಕಮ್ಮನಿಗೆ. ಇಬ್ಬರು ಸೊಸೆಯರ ನಡುವೆ ಭೇದ ಮಾಡಿದರೆಂಬ ಮಾತು ಬರಬಾರದೆಂದು ಚಿಕ್ಕಮ್ಮ ಮನೆತುಂಬಿದ ವರ್ಷವೇ ಅಜ್ಜಿ ಮಾಡಿದ ಏರ್ಪಾಡು ಇದು. ನನಗೆ ಮಾತ್ರ ಗೊತ್ತಾದ ತುಂಡಿರಲಿಲ್ಲ. ಮಗುವಲ್ಲ, ಮದುವೆಯಾದವಳಲ್ಲ, ಎಂಎಸ್ಸಿ ಓದಿದವರಿಗೆಂದು ಕೋಳಿಯಲ್ಲಿ ಬೇರೆ ಭಾಗವೂ ಇಲ್ಲ. ಸೌಟಿಗೆ ಬಂದದ್ದು ನನ್ನ ತಟ್ಟೆಗೆ. ಇದರ ಬಗ್ಗೆ ನಾನು ಎಂದೂ ಮಾತಾಡಿದವಳಲ್ಲ. ಮಾತಾಡದಿರುವುದು ನನ್ನ ಸ್ವಭಾವ. ಅದರಿಂದ ಏನೇನಾಯಿತು ಎಂಬುದೇ ಈಗ ಹೇಳಹೊರಟಿರುವುದು.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ತಾತ್ಕಾಲಿಕ ಉಪನ್ಯಾಸಕಿ. ನಮ್ಮ ಶಾಸ್ತ್ರದಲ್ಲಿ ಹತ್ತಿಪ್ಪತ್ತು ಲಕ್ಷ ವರ್ಷವನ್ನೂ ಅಲ್ಪಕಾಲ ಎನ್ನುತ್ತೇವೆ. ಕಾಲೇಜಿನವರು ಅಷ್ಟು ಉದಾರಿಗಳಲ್ಲ. ಅವರ ತಾತ್ಕಾಲಿಕ ಮುಂದಿನ ರಜೆಗೆ ಮುಗಿಯುತ್ತದೆ. ನನ್ನ ವಿಷಯ ಶಿಲೆಗಳು. ಶಿಲೆಗಳೂ ಹೆಚ್ಚು ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ, ಹೀಗಾಗಿ ನಮ್ಮ ನಡುವೆ ಒಳ್ಳೆಯ ಹೊಂದಿಕೆಯಿತ್ತು. ಅಷ್ಟರಲ್ಲಿ ಪಳೆಯುಳಿಕೆಗಳ ಪಾಠ ಮಾಡುತ್ತಿದ್ದವರು ಬೇರೆ ಊರಿಗೆ ಹೊರಟುಹೋದರು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, "ಡೈನೋಸಾರ್ ಭಾಗ ನೀವೇ ತಗೊಂಬಿಡಿ ಅಮ್ಮಾ. ಏನಿಲ್ಲ, ಮೂಳೆಗಳ ಹೆಸರು ಹೇಳ್ಕೊಟ್ರೆ ಸಾಕು, ಮೊದಲನೇ ವರ್ಷದ ಹುಡುಗ್ರು" ಎಂದರು. ಆಮೇಲೆ, ಹೊರಡುವವಳನ್ನು ನಿಲ್ಲಿಸಿ, ಮರೆತಿದ್ದವರಂತೆ ಸೇರಿಸಿದರು: "ಯೂನಿವರ್ಸಿಟಿ ಕಮಿಟಿ ಬರುತ್ತೆ, ನಿಮ್ಮ ಕ್ಲಾಸಲ್ಲೇ ಕೂರ್ತಾರೆ. ಅವರು ಒಪ್ಪಿದ್ರೆ ಮುಂದಿನ ಅವಧಿಗೂ ನೀವೇ. ಇಲ್ದಿದ್ರೆ ನನ್ ಕೈಲೇನೂ ಇಲ್ಲ." ಕೆಲಸ ಹೋದರೆ ನನಗೆ ಆಗುವುದೇನು ಎಂಬುದನ್ನು ನಾನು ಬಹಳ ಊಹಿಸಬೇಕಾಗಿರಲಿಲ್ಲ. ಮನೆಯಲ್ಲಿ ಕೂರಬೇಕು. ಕೂತವಳನ್ನು ಕಂಡರೆ ಬಂಧುಗಳಿಗೆ ಸುಮ್ಮನಿರಲಾಗುವುದಿಲ್ಲ. ನಾನು ಬೆಳಗ್ಗೆ ಬಸ್ಸು ಹತ್ತುತ್ತೇನೆ ಎಂಬ ಒಂದೇ ಕಾರಣಕ್ಕೆ ನನ್ನ ಜಾತಕ ಇನ್ನೂ ಪೆಟ್ಟಿಗೆಯೊಳಗಿತ್ತು.

ಕಾಲೇಜಿನಲ್ಲಿ ಡೈನೋಸಾರಿನ ಹೆಸರಿನಲ್ಲಿ ಇದ್ದದ್ದು ಒಂದೇ ವಸ್ತು, ಬಟ್ಟೆಗೆ ಅಂಟಿಸಿದ ದೊಡ್ಡ ಹಳೆಯ ಚಿತ್ರಪಟ. ಅದನ್ನು ಬಿಡಿಸಿ ಗೋಡೆಗೆ ನೇತುಹಾಕಿದೆ. ತಲೆಯಿತ್ತು, ಕುತ್ತಿಗೆಯಿತ್ತು, ಬಾಲವೂ ಪಟದ ಅಂಚಿನವರೆಗೆ ಎಳೆದುಕೊಂಡಿತ್ತು. ಸೊಂಟವಿರಬೇಕಾದ ಕಡೆ ಗೆದ್ದಲು ತಿಂದು ಮೊರದಗಲ ತೂತಾಗಿತ್ತು. ಆ ಗೆದ್ದಲಿಗೆ ಶಾಸ್ತ್ರ ಗೊತ್ತಿತ್ತೇನೋ ಎಂದು ನನಗೆ ಇಂದಿಗೂ ಅನುಮಾನ. ಏಕೆಂದರೆ ಡೈನೋಸಾರುಗಳ ವಿಷಯದಲ್ಲಿ ತಲೆ ಹೋದರೂ ತಡೆದುಕೊಳ್ಳಬಹುದು, ಸೊಂಟ ಹೋದರೆ ಪಾಠವೇ ಇಲ್ಲ. ಅಷ್ಟು ದೊಡ್ಡ ವಂಶವನ್ನು ವಿದ್ವಾಂಸರು ಎರಡು ಪಾಲು ಮಾಡಿರುವುದು ಸೊಂಟ ನೋಡಿಯೇ. ಸೊಂಟದ ಪ್ರತಿ ಮಗ್ಗುಲಲ್ಲಿ ಮೂರು ಮೂಳೆ: ಮೇಲೆ ಬೆನ್ನೆಲುಬಿಗೆ ಅಂಟಿಕೊಂಡ ಅಗಲವಾದ ಇಲಿಯಮ್, ಕೆಳಗೆ ಹಿಂದಕ್ಕೆ ಚಾಚಿದ ಇಸ್ಕಿಯಮ್, ಮೂರನೆಯದು ಪ್ಯೂಬಿಸ್. ಈ ಮೂರನೆಯದು ಮುಂದಕ್ಕೆ ಚಾಚಿದ್ದರೆ ಅದು ಹಲ್ಲಿಸೊಂಟದ ಬಣ; ಹಿಂದಕ್ಕೆ ತಿರುಗಿ ಇಸ್ಕಿಯಮ್ಮಿನ ಜೊತೆ ಸಾಲಾಗಿ ಮಲಗಿದ್ದರೆ ಹಕ್ಕಿಸೊಂಟದ ಬಣ. ಇಷ್ಟನ್ನು ನಾನು ಆ ತೂತಿನ ಮುಂದೆ ನಿಂತು, ಗಾಳಿಯಲ್ಲಿ ಬೆರಳಾಡಿಸಿ ವಿವರಿಸಿದೆ. ಮುಂದಿನ ಬೆಂಚಿನ ಒಬ್ಬ ವಿದ್ಯಾರ್ಥಿ ಬಹಳ ವಿನಯದಿಂದ ಎದ್ದು, "ಮೇಡಂ, ಅದರ ಸೊಂಟ ಗೆದ್ದಲು ತಿಂದಿದ್ದಾ, ಇಲ್ಲಾ ಅದಕ್ಕೆ ಮೊದಲಿಂದ್ಲೂ ಇರ್ಲಿಲ್ವಾ?" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾದದ್ದು.

ಅಂದು ಸಂಜೆ ಮನೆಗೆ ಬಂದಾಗ ಹಿತ್ತಲಿನಲ್ಲಿ ನಮ್ಮ ಹುಂಜ ತಿಪ್ಪೆ ಕೆದಕುತ್ತಿತ್ತು. ಎಷ್ಟೋ ವರ್ಷಗಳಿಂದ ಕಾಣುತ್ತಿರುವ ದೃಶ್ಯ. ಆದರೆ ಪಾಠಕ್ಕಾಗಿ ರಾಶಿ ಪುಸ್ತಕ ಓದಿದ್ದರಿಂದ ನನ್ನ ಕಣ್ಣು ಕೆಟ್ಟುಹೋಗಿತ್ತು. ನನಗೆ ಪುಕ್ಕ ಕಾಣಲಿಲ್ಲ, ಒಳಗಿನ ಮೂಳೆಯೇ ಕಂಡಿತು. ಅಲ್ಲಿ ಏನು ಕಡಿಮೆಯಿದೆ? ಎರಡು ಕಾಲಿನ ನಡಿಗೆ, ನೆಲಕ್ಕೆ ಮೂರು ಬೆರಳು. ಹಿಂದಕ್ಕೆ ಬಾಗಿದ ಮೊಣಕಾಲು ಎಂದು ನಾವು ತಿಳಿದಿರುವುದು ನಿಜವಾಗಿ ಹರಡು, ಅಂದರೆ ಪಾದದ ಕೀಲು. ಮೊಣಕಾಲು ಮೇಲೆ ಪುಕ್ಕದೊಳಗೆ ಮರೆಯಾಗಿದೆ. ಹಲ್ಲಿಯ ತೊಡೆ ಪಕ್ಕಕ್ಕೆ ಚಾಚಿರುತ್ತದೆ, ಅದಕ್ಕೇ ಅದು ಹೊಟ್ಟೆ ಎಳೆದುಕೊಂಡು ಓಡುವುದು. ಹುಂಜದ ತೊಡೆಮೂಳೆಯ ತಲೆ ಒಳಕ್ಕೆ ತಿರುಗಿ ಸೊಂಟದ ಕುಳಿಯಲ್ಲಿ ಕೂತು, ಕಾಲನ್ನು ಮೈಯ ಕೆಳಗೇ ಕಂಬದಂತೆ ನಿಲ್ಲಿಸುತ್ತದೆ. ಆ ಕುಳಿಗೆ ತಳವಿಲ್ಲ, ಬಳೆಯಂತೆ ಆರಪಾರ ತೂತು. ಡೈನೋಸಾರಿನದೂ ಹಾಗೆಯೇ. ಹಕ್ಕಿಗಳು ಡೈನೋಸಾರುಗಳ ವಂಶದವೇ ಎಂದು ಹೊರದೇಶದ ಕೆಲವರು ಈಚೆಗೆ ಮತ್ತೆ ವಾದಿಸತೊಡಗಿದ್ದಾರಂತೆ. ಅದೂ ಹಕ್ಕಿಸೊಂಟದ ಬಣದಿಂದಲ್ಲ, ಹಲ್ಲಿಸೊಂಟದ ಬಣದಿಂದ. ಇದನ್ನು ಮೊದಲನೇ ವರ್ಷದವರಿಗೆ ಹೇಗೆ ಹೇಳುವುದು ಎಂದು ಯೋಚಿಸಿದರೆ ಈಗಲೂ ನನಗೆ ತಲೆನೋವು ಬರುತ್ತದೆ. ಇರಲಿ. ನನಗೆ ಬೇಕಾದದ್ದು ಒಂದು ಇಡೀ ಸೊಂಟ. ಬರುವ ಭಾನುವಾರ ದೊಡ್ಡಬಳ್ಳಾಪುರದಿಂದ ಅಕ್ಕ ಭಾವ ಬರುವವರಿದ್ದರು; ಹುಂಜದ ಆಯಸ್ಸು ಹೇಗೂ ಅಲ್ಲಿಯವರೆಗೇ.

ಊಟದ ಹೊತ್ತಿನಲ್ಲಿ, ನನ್ನ ಮಟ್ಟಿಗೆ ಬಹಳ ಧೈರ್ಯ ಮಾಡಿ, "ಈ ಸಲ ಸೊಂಟ ಒಡೀಬೇಡಿ ಚಿಕ್ಕಪ್ಪ, ನಂಗೆ ಇಡಿಯಾಗಿ ಬೇಕು" ಎಂದೆ. ಅಪ್ಪ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿ, ಇದು ತಮ್ಮ ಇಲಾಖೆಯಲ್ಲವೆಂದು ಮತ್ತೆ ತಲೆತಗ್ಗಿಸಿದರು. ಚಿಕ್ಕಮ್ಮ ಸಾರಿನ ಪಾತ್ರೆ ಕೆಳಗಿಟ್ಟರು. ನಾನು ಕೇಳಿದ್ದು ಮೂಳೆ. ಅವರಿಗೆ ಕೇಳಿಸಿದ್ದು ಬೇರೆ. "ಆಗ್ಲಿ ಬಿಡಿ ಅತ್ತೆ, ಅಕ್ಕನ ಮಗಳು ಕೇಳ್ತಾವ್ಳೆ. ಇಡೀ ಸೊಂಟ ಅಕ್ಕನ ಕಡೇಗೇ ಹೋಗ್ಲಿ. ನಾವೇನ್ ಯಾವತ್ತಾರ ಬಾಯ್ಬಿಟ್ಟು ಕೇಳ್ದೋರಾ" ಎಂದರು. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ, ಇಷ್ಟು ವರ್ಷ ಉಳಿಸಿಕೊಂಡು ಬಂದ ಮರ್ಯಾದೆಯನ್ನು ಒಂದು ತುತ್ತಿನ ಹೊತ್ತಿನಲ್ಲಿ ಕಳೆದೆಯಲ್ಲ ಎಂಬ ಅರ್ಥವಿತ್ತು. ನಾನು ಪಾಠದ ವಿಷಯ ಹೇಳಿದೆ, ಕಮಿಟಿಯ ವಿಷಯ ಹೇಳಿದೆ, ಕೋಟ್ಯಂತರ ವರ್ಷಗಳ ಹಿಂದೆ ಸತ್ತುಹೋದ ಪ್ರಾಣಿ ಎಂದೆ. ಅಜ್ಜಿ ಮುದ್ದೆ ಮುರಿಯುತ್ತ ಸಮಾಧಾನವಾಗಿ ಕೇಳಿದರು: "ಸತ್ತು ಅಷ್ಟೊಂದ್ ಕಾಲ ಆಗದಲ್ಲ ಮಗಾ, ಇನ್ನೇನ್ ಅವಸರ ಅದ್ಕೆ?"

ಕೊನೆಗೆ ತೀರ್ಪು ಕೊಟ್ಟವರೂ ಅಜ್ಜಿಯೇ. ಸೊಂಟವನ್ನು ಒಡೆಯದೆ ಬೇಯಿಸುವುದು. ಬೆಂದ ಮೇಲೆ ಅಜ್ಜಿ ತಮ್ಮ ಕೈಯಾರೆ ಅದರ ಮಾಂಸ ಬಿಡಿಸಿ ಎರಡು ಸಮಪಾಲು ಮಾಡಿ ಸೊಸೆಯರಿಗೆ ಕೊಡುವುದು. ಬರಿ ಮೂಳೆ ನನಗೆ. ಮಿಕ್ಕ ಮೂಳೆಗಳನ್ನು ಅವರವರು ಚೀಪಿ ಬೋಗುಣಿಗೆ ಹಾಕುವುದು. ಇಷ್ಟು ಸರಳವಾದ ಒಪ್ಪಂದ ಕೆಡುವುದಕ್ಕೆ ಕಾರಣವೇ ಇರಲಿಲ್ಲ, ಭಾವ ಒಬ್ಬರಿರದಿದ್ದರೆ. ನಮ್ಮ ಭಾವ ಒಳ್ಳೆಯವರು, ಉದಾರಿಗಳು, ಆದರೆ ಮೂಳೆ ಉಳಿಸುವವರಲ್ಲ. ಅವರು ಉಂಡೆದ್ದ ತಟ್ಟೆಯಲ್ಲಿ ಕರಿಬೇವು ಬಿಟ್ಟರೆ ಬೇರೇನೂ ಇರುವುದಿಲ್ಲ; ಇದನ್ನು ಅಕ್ಕ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ನನಗೆ ಅತಿ ಅಗತ್ಯವಾದ ಎರಡು ತೊಡೆಮೂಳೆಗಳು ಅಂದು ಕಾನೂನಿನ ಪ್ರಕಾರ ಅವರ ತಟ್ಟೆ ಸೇರಿದವು. ನಾನು ಬೋಗುಣಿ ಹಿಡಿದು ಕಂಬಕ್ಕೊರಗಿ ನಿಂತೆ. ಅಳಿಯಂದಿರಿಗೆ ಇಂತಿಷ್ಟು ತಿನ್ನಿ, ಇಂತಿಷ್ಟು ಬಿಡಿ ಎಂದು ಹೇಳಿದ ಮನೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಸುಮ್ಮನೆ ನೋಡುತ್ತಿದ್ದೆ. ಅವರು ಮೂಳೆಯ ತುದಿಯನ್ನು ದವಡೆಗೆ ತಂದರು. ಕಟಕ್ ಎಂದಿತು.

"ಏನಮ್ಮಾ ಲೆಕ್ಚರರ್ ಮೇಡಂ," ಎಂದರು ಭಾವ, ಅಗಿಯುವುದನ್ನು ನಿಲ್ಲಿಸಿ, "ನಾನ್ ಕೂತಾಗ್ಲಿಂದ ನನ್ ತಟ್ಟೆ ಮೇಲೇ ಕಣ್ಣು. ಜಾಸ್ತಿ ಹಾಕಿಸ್ಕೊಂಡ್‌ಬಿಟ್ನಾ?"

ಅಡುಗೆಮನೆಯ ಬಾಗಿಲಿನಿಂದ ಅಕ್ಕ ನನ್ನನ್ನು ಸುಡುವಂತೆ ನೋಡಿದಳು. ನಾನು ಅಂತೂ ವಿಷಯ ಹೇಳಿದೆ, ಅಗತ್ಯಕ್ಕಿಂತ ಸಣ್ಣ ದನಿಯಲ್ಲಿ. ಭಾವ ಕೇಳಿ, ಕೈಯಲ್ಲಿದ್ದ ಮೂಳೆಯನ್ನು ತಿರುಗಿಸಿ ನೋಡಿ, "ಇದನ್ನ ಮೊದ್ಲೇ ಹೇಳ್ಬಾರ್ದಾ. ಒಂದು ತುದಿ ಹೋಯ್ತು. ಇನ್ನೊಂದ್ ಹಂಗೇ ಇದೆ, ತಗೊ" ಎಂದು ಎರಡನ್ನೂ ದಾನ ಕೊಡುವವರಂತೆ ಬೋಗುಣಿಗೆ ಹಾಕಿದರು. ಆ ಊಟದ ಉಳಿದ ಹೊತ್ತು ಅವರ ಮುಖದಲ್ಲಿದ್ದ ತ್ಯಾಗದ ಕಳೆಯನ್ನು ನಾನು ಮರೆಯಲಾರೆ. ಮುಂದೆ ಕೆಲವು ದಿನ ಅಕ್ಕ ಬರೆದ ಕಾಗದಗಳಲ್ಲಿ, ಪಾಪ ಅವತ್ತು ಅವರಿಗೆ ಸರಿಯಾಗಿ ಊಟವೇ ಆಗಲಿಲ್ಲ ಎಂಬ ಒಂದು ಸಾಲು ತಪ್ಪದೆ ಇರುತ್ತಿತ್ತು.

ಮುಂದಿನ ವಾರವೆಲ್ಲ ನಾನು ಕಾಲೇಜಿನಿಂದ ಬಂದವಳು ಹಿತ್ತಲಿಗೆ ಹೋಗುತ್ತಿದ್ದೆ. ಮೂಳೆಗಳನ್ನು ಸೋಡಾಪುಡಿ ಹಾಕಿದ ನೀರಿನಲ್ಲಿ ಕುದಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಹರವಿ, ಕಾಗೆ ಕಾಯುವುದು. ಉಪನ್ಯಾಸಕಿಯೊಬ್ಬಳು ಕೋಲು ಹಿಡಿದು ಕೂತು ಕೋಳಿಮೂಳೆ ಕಾಯುವುದನ್ನು ಬೇಲಿಯಾಚೆಯಿಂದ ಯಾರು ಯಾರು ನೋಡಿದರೋ ತಿಳಿಯದು. ಒಣಗಿದ ಮೇಲೆ ಕತ್ತಿನ ಮೂಳೆಗಳನ್ನು ತಂತಿಗೆ ಪೋಣಿಸಿದೆ. ಅಜ್ಜಿ ಚೀಪಿ ಕೊಟ್ಟದ್ದರಿಂದ ಅವು ಬಹಳ ಶುಭ್ರವಾಗಿದ್ದವು. ತಲೆಬುರುಡೆಯಲ್ಲಿ ಕಣ್ಣಿನ ಕುಳಿಯ ಮುಂದೆ ಡೈನೋಸಾರಿಗೆ ಇರುವಂಥ ಕಿಂಡಿಯನ್ನು ತೋರಿಸಲು ಗುರುತು ಹಾಕಿದೆ; ಅಷ್ಟು ದೊಡ್ಡ ತಲೆಯನ್ನು ಕಿಂಡಿಗಳಿಲ್ಲದಿದ್ದರೆ ಕತ್ತು ಹೊರುವುದು ಹೇಗೆ ಎಂದು ಕೇಳಿದರೆ ಹುಡುಗರಿಗೆ ನೆನಪಿರುತ್ತದೆ. ಕೋಳಿಗೆ ಬಾಲದ ಮೂಳೆ ಇದ್ದೂ ಇಲ್ಲದಂತೆ. ಆದ್ದರಿಂದ ಕೆರೆಮಣ್ಣಿನಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಮಣಿಗಳನ್ನು ಮಾಡಿ, ಒಂದೊಂದರ ಅಡಿಗೂ ಬಿದಿರಿನ ಸಣ್ಣ ಕವೆ ಸಿಕ್ಕಿಸಿ, ತಂತಿಗೆ ಪೋಣಿಸಿ ಉದ್ದ ಬಾಲ ಜೋಡಿಸಿದೆ. ಅದು ಎತ್ತಿ ನಿಲ್ಲಿಸಿದರೂ ನಿಲ್ಲದೆ ನೆಲಕ್ಕೆ ಜೋತುಬೀಳುತ್ತಿತ್ತು. ಡೈನೋಸಾರು ಬಾಲ ಎಳೆದುಕೊಂಡು ನಡೆಯುತ್ತಿತ್ತು ಎಂದೇ ನಮ್ಮ ಪಠ್ಯಪುಸ್ತಕದಲ್ಲೂ ಇದ್ದುದರಿಂದ, ನನ್ನ ತಂತಿಯ ದೌರ್ಬಲ್ಯ ವಿದ್ವಾಂಸರ ಅಭಿಪ್ರಾಯಕ್ಕೆ ಸರಿಹೊಂದಿತು. ಇನ್ನು ಪ್ಯೂಬಿಸ್. ಕೋಳಿಯಲ್ಲಿ ಅದು ಹಿಂದಕ್ಕೆ ಮಲಗಿದ ಕಡ್ಡಿಯಷ್ಟು ತೆಳ್ಳನೆಯ ಮೂಳೆ. ಒಂದು ಮಗ್ಗುಲಿನದನ್ನು ಮೆಲ್ಲಗೆ ಬಿಡಿಸಿ, ಮೇಣದಲ್ಲಿ ಬೇಕಾದಂತೆ ಹಿಂದಕ್ಕೂ ಮುಂದಕ್ಕೂ ನೆಡುವ ಹಾಗೆ ಮಾಡಿಕೊಂಡೆ. ಹಿಂದಕ್ಕೆ ನೆಟ್ಟರೆ ಒಂದು ಬಣ, ಮುಂದಕ್ಕೆ ನೆಟ್ಟರೆ ಇನ್ನೊಂದು. ನಾನು ಜಂಬದವಳಲ್ಲ, ಆದರೂ ಅಂದು ರಾತ್ರಿ ಊಟ ರುಚಿಸಿತು.

ಕಮಿಟಿ ಬರುವ ದಿನ ಬೆಳಗ್ಗೆ ಇದನ್ನೆಲ್ಲ ಒಯ್ಯುವುದು ಯಾವುದರಲ್ಲಿ ಎಂಬ ಪ್ರಶ್ನೆ ಬಂತು. ಅಮ್ಮನ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಗಳು ಸಾಲಾಗಿದ್ದವು. "ಮೂಳೆ ಇಟ್ಟ ಡಬ್ಬಕ್ಕೆ ನಾಳೆ ಚಕ್ಲಿ ತುಂಬೋದು ಹೆಂಗೇ?" ಎಂದು ಅಮ್ಮ ಯಾವುದನ್ನೂ ಮುಟ್ಟಗೊಡಲಿಲ್ಲ. ಬದಲಿಗೆ ಒಂದು ಹೊಸ ಮಣ್ಣಿನ ಕುಡಿಕೆ ಕೊಟ್ಟರು, ಆಮೇಲೆ ಎಸೆದರಾಯಿತು ಎಂದು. ಬಾಲವನ್ನು ಸುರುಳಿ ಸುತ್ತಿ ಕೈಚೀಲಕ್ಕೆ ಹಾಕಿದೆ. ಮಿಕ್ಕ ಭಾಗಗಳನ್ನು ಹತ್ತಿಯ ನಡುವೆ ಕುಡಿಕೆಯಲ್ಲಿಟ್ಟು, ಧೂಳು ಬೀಳದಂತೆ ಅಪ್ಪನ ಹಳೆಯ ಪಂಚೆಯ ತುಂಡನ್ನು ಬಾಯಿಗೆ ಕಟ್ಟಿದೆ. ಗಂಭೀರ ದಿನಗಳಿಗೆಂದು ಇಟ್ಟುಕೊಂಡ, ಸಣ್ಣ ಅಂಚಿನ ಬಿಳಿ ಸೀರೆ ಉಟ್ಟಿದ್ದೆ. ತಲೆಗೆ ನೀರು ಹಾಕಿಕೊಂಡಿದ್ದರಿಂದ ಕೂದಲು ಆರಲೆಂದು ಹಾಗೇ ಬಿಟ್ಟಿದ್ದೆ. ಹೂ ಮುಡಿಯಲು ಹೊತ್ತಿರಲಿಲ್ಲ. ಹೀಗೆ ಕುಡಿಕೆಯನ್ನು ಎರಡೂ ಕೈಯಲ್ಲಿ ಎದೆಗವಚಿ, ಮೂಳೆ ಅಲುಗಬಾರದೆಂದು ನಿಧಾನವಾಗಿ ಹೆಜ್ಜೆಯಿಡುತ್ತ, ನೆಲಮಂಗಲದಿಂದ ಬಂದ ಬಸ್ಸು ಹತ್ತಿದೆ. ಒಂದು ಹರಕು ಮೂಳೆ ಸಿಕ್ಕರೆ ಇಡೀ ಪ್ರಾಣಿಯನ್ನು ಕಟ್ಟಿ ನಿಲ್ಲಿಸುವ ಶಾಸ್ತ್ರ ಓದಿದವಳು ನಾನು. ನನ್ನನ್ನು ಹೊರಗಿನಿಂದ ನೋಡಿದವರು ಏನು ಕಟ್ಟಿ ನಿಲ್ಲಿಸಬಹುದು ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಆ ಬಸ್ಸಿನಲ್ಲಿ ನಾನು ಕೂತು ಹೋದದ್ದು ಎಂದೂ ಇಲ್ಲ. ಯಶವಂತಪುರದವರೆಗೆ ಯಾರದೋ ಕೋಳಿಬುಟ್ಟಿಗೂ ಇನ್ಯಾರದೋ ಮೊಣಕೈಗೂ ನಡುವೆ ನಿಂತಿರುವುದೇ ನನ್ನ ಜಾಗ. ಅಂದು ಹತ್ತಿದೊಡನೆ ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಯಾವಾಗಲೂ "ಒಳಗ್ ನಡೀರಿ, ಒಳಗ್ ನಡೀರಿ" ಎಂದು ಬೆನ್ನಿಗೆ ಕೂಗುವ ಕಂಡಕ್ಟರು ಟೋಪಿ ಸರಿಮಾಡಿಕೊಂಡು ದನಿ ತಗ್ಗಿಸಿದ. ರುಮಾಲಿನ ಹಿರಿಯರೊಬ್ಬರು ಎದ್ದು ಜಾಗ ಕೊಟ್ಟರು. ನೆಲಮಂಗಲದಲ್ಲಿ ಬೆಲ್ಲದ ಮಂಡಿಯಿಟ್ಟವರು, ನಮ್ಮ ಮನೆಯವರ ಗುರುತು ಅವರಿಗಿತ್ತು. ಹೆಂಗಸರಿಗೆ ಮರ್ಯಾದೆ ಕೊಡುವ ಕಾಲ ಅಂತೂ ಬಂತಲ್ಲ ಎಂದುಕೊಂಡು ಕೂತೆ. ಪಕ್ಕದ ಹೆಂಗಸು ತನ್ನ ಸೊಪ್ಪಿನ ಗಂಟನ್ನು ನನ್ನ ಕುಡಿಕೆಗೆ ತಾಕದಂತೆ ದೂರ ಎಳೆದುಕೊಂಡಳು. ಹಿರಿಯರು ಬಗ್ಗಿ, "ಕಾವೇರಿಗಾ ತಾಯಿ?" ಎಂದರು.

ಆಗ ತಿಳಿಯಿತು. ಬಿಳಿ ಬಟ್ಟೆ ಕಟ್ಟಿದ ಹೊಸ ಕುಡಿಕೆ, ಬಿಚ್ಚುಗೂದಲು, ಬಿಳಿ ಸೀರೆ. ಮನೆಯಲ್ಲಿ ಯಾರನ್ನೋ ಸುಟ್ಟು, ಅಸ್ಥಿಯನ್ನು ಹೊಳೆಗೆ ಬಿಡಲು ಹೊರಟವಳು. ಅವರನ್ನು ನಾನು ಬಯ್ಯಲಾರೆ. ಸಿಕ್ಕ ಕುರುಹುಗಳಿಂದ ಸಿಗದ ಭಾಗವನ್ನು ತುಂಬಿಕೊಳ್ಳುವುದನ್ನೇ ನಾನು ಸಂಬಳ ತೆಗೆದುಕೊಂಡು ಕಲಿಸುತ್ತೇನೆ. ನನ್ನ ಮುಂದೆ ಎರಡು ದಾರಿಯಿದ್ದವು. ತುಂಬಿದ ಬಸ್ಸಿನಲ್ಲಿ ಎದ್ದು ನಿಂತು, ಇದು ನಮ್ಮ ಮನೆ ಹುಂಜದ ಮೂಳೆ ಎಂದು ಸಾರಬಹುದು, ಇಲ್ಲವೇ ಸುಮ್ಮನಿರಬಹುದು. ನಾನು ಸುಮ್ಮನಿದ್ದು ತಲೆ ತಗ್ಗಿಸಿದೆ. ಅದರಿಂದ ಚಿತ್ರ ಪೂರ್ತಿಯಾಯಿತು. "ಅಜ್ಜಿನಾ?" ಎಂದು ಹಿರಿಯರು ಇನ್ನೂ ಮೆಲ್ಲಗೆ ಕೇಳಿದರು. ನಾನು ಅಲ್ಲವೆಂದು ತಲೆಯಾಡಿಸಿದೆ. ಆದರೆ ಪೀಣ್ಯದ ಹತ್ತಿರದ ಆ ರಸ್ತೆಯಲ್ಲಿ ಬಸ್ಸಿನೊಳಗೆ ಕೂತವರ ತಲೆ ಹೌದೆಂದೂ ಆಡುತ್ತದೆ, ಅಲ್ಲವೆಂದೂ ಆಡುತ್ತದೆ. "ಒಳ್ಳೇ ಜೀವ. ನನ್ ಮದ್ವೆಲಿ ಓಡಾಡಿ ಬಡಿಸಿದ್ರು" ಎಂದು ಅವರು ರುಮಾಲಿನ ಸೆರಗಿನಿಂದ ಕಣ್ಣೊರಸಿಕೊಂಡರು. ಇಳಿಯುವಾಗ ಕುಡಿಕೆಗೆ ಕೈಮುಗಿದರು. ನಮ್ಮ ಹುಂಜಕ್ಕೆ ಬದುಕಿದ್ದಾಗ ಇಷ್ಟು ಗೌರವ ಸಿಕ್ಕಿರಲಿಲ್ಲ.

ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಮೂವರು ಕೂತಿದ್ದರು: ಪ್ರಿನ್ಸಿಪಾಲರು, ನಮ್ಮ ಮುಖ್ಯಸ್ಥರು, ಮತ್ತು ಕಮಿಟಿಯ ಪರವಾಗಿ ಕನ್ನಡಕದ ಹಿರಿಯ ಪ್ರೊಫೆಸರೊಬ್ಬರು. ನಾನು ಕೂದಲು ಗಂಟು ಹಾಕಿ ಪಿನ್ನು ಸಿಕ್ಕಿಸಿ, ಕುಡಿಕೆ ಬಿಚ್ಚಿ, ಒಂದೊಂದನ್ನೇ ಮೇಜಿನ ಮೇಲೆ ಜೋಡಿಸಿದೆ. ತಲೆ ಬಂತು, ಕತ್ತು ಬಂತು, ಅಷ್ಟು ರಾದ್ಧಾಂತಕ್ಕೆ ಕಾರಣವಾದ ಸೊಂಟ ಕೂದಲೆಳೆಯಷ್ಟೂ ಬಿರುಕಿಲ್ಲದೆ ಬಂತು. ಪ್ಯೂಬಿಸ್ ಮಾತ್ರ ಬರಲಿಲ್ಲ. ಕುಡಿಕೆಯ ತಳದಲ್ಲಿ ಬೆರಳಾಡಿಸಿದರೆ ಸಿಕ್ಕದ್ದು ಪುಡಿ. ಎರಡು ಬಣಗಳ ಭೇದ, ನನ್ನ ಮುಂದಿನ ಅವಧಿ, ಪೆಟ್ಟಿಗೆಯೊಳಗಿನ ಜಾತಕ, ಎಲ್ಲ ಆ ಕಡ್ಡಿಯ ಮೇಲೆ ನಿಂತಿದ್ದವು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅವರು ಅದನ್ನು ಮತ್ತೆ ಹಾಕಿಕೊಳ್ಳುವುದರೊಳಗೆ ನಾನು ತಲೆಯಿಂದ ಪಿನ್ನು ಕಿತ್ತು ಮೇಣಕ್ಕೆ ಚುಚ್ಚಿದೆ. ಕೂದಲು ಬೆನ್ನಮೇಲೆ ಬಿತ್ತು. "ಇದು ಪ್ಯೂಬಿಸ್ ಎಂದು ತಿಳಿಯಿರಿ" ಎಂದೆ. ಪಿನ್ನನ್ನು ಹಿಂದಕ್ಕೆ ಮಲಗಿಸಿ ಹಕ್ಕಿಸೊಂಟ ಎಂದೆ, ಕಿತ್ತು ಮುಂದಕ್ಕೆ ಚುಚ್ಚಿ ಹಲ್ಲಿಸೊಂಟ ಎಂದೆ, ಕುಳಿಯ ತೂತಿನೊಳಗಿಂದ ಬೆರಳು ತೂರಿಸಿ ತೋರಿಸಿದೆ, ತೊಡೆಮೂಳೆಯನ್ನು ಅದರಲ್ಲಿ ಕೂರಿಸಿ ಕಾಲು ಮೈಯ ಕೆಳಗೆ ನಿಲ್ಲುವುದನ್ನು ತೋರಿಸಿದೆ. ಸೊಂಟವಿತ್ತೋ ಇಲ್ಲವೋ ಎಂದು ಕೇಳಿದ್ದ ವಿದ್ಯಾರ್ಥಿ ಎದ್ದು ಬಂದು ತಾನೇ ಪಿನ್ನು ತಿರುಗಿಸಿ ನೋಡಿ, "ಓ, ಇಷ್ಟೇನಾ ಮೇಡಂ" ಎಂದ. ಇಷ್ಟೇ.

ಕೊನೆಯಲ್ಲಿ ಪ್ರೊಫೆಸರು ಮೇಜಿನ ಹತ್ತಿರ ಬಂದರು. ತೊಡೆಮೂಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ತುದಿಯಲ್ಲಿ ಹಲ್ಲಿನ ಗುರುತಿದೆ. ಮಾಂಸಾಹಾರಿ ಕಚ್ಚಿದ ಮೂಳೆಗೆ ಒಳ್ಳೆ ಉದಾಹರಣೆ. ಇದು ಎಲ್ಲಿಯದು?" ಎಂದರು.

ಪ್ರಶ್ನೆ ಕೇಳಿದರೆ ನಿಖರವಾದ ಉತ್ತರ ಕೊಡಬೇಕೆಂಬುದು ನನಗೆ ಬಾಲ್ಯದಿಂದ ಅಂಟಿದ ರೋಗ. "ದೊಡ್ಡಬಳ್ಳಾಪುರದ್ದು, ಸರ್. ನಮ್ಮ ಭಾವನವರು" ಎಂದೆ.

ಅವರು ನಕ್ಕರೋ ಕೆಮ್ಮಿದರೋ ಹೇಳಲಾರೆ. ಮಧ್ಯಾಹ್ನ ಮುಖ್ಯಸ್ಥರು ಕರೆದು, ಮುಂದಿನ ಅವಧಿಗೂ ನೀವೇ ಎಂದರು. ಆ ಅಸ್ಥಿಪಂಜರ ಇನ್ನು ವಿಭಾಗದ ಆಸ್ತಿಯೆಂದು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನ ಪಿನ್ನೂ ಅದರೊಂದಿಗೆ ಹೋಯಿತು. ಕೇಳಬಹುದಿತ್ತು; ಕೇಳಲಿಲ್ಲ. "ಮುಂದಿನ ಅವಧಿಗೆ ಸಸ್ತನಿಗಳು. ಆನೆಗಳ ವಂಶದಿಂದ ಶುರುಮಾಡಿ" ಎಂದು ಅವರು ಸೇರಿಸಿದಾಗ ನಮ್ಮ ಮನೆಯ ಅಡುಗೆ ಪಾತ್ರೆಗಳ ಗಾತ್ರ ಕಣ್ಣ ಮುಂದೆ ಬಂತು.

ಸಂಜೆ ಬಸ್ಸಿಳಿದು ಮನೆ ಹತ್ತಿರ ಬಂದರೆ ಬಾಗಿಲಲ್ಲಿ ರಾಶಿ ಚಪ್ಪಲಿ. ಬೆಲ್ಲದ ಮಂಡಿಯವರು ಬೆಳಗ್ಗೆಯೇ ತಮ್ಮ ಕೆಲಸ ಮುಗಿಸಿಕೊಂಡು ನೆಲಮಂಗಲಕ್ಕೆ ಹಿಂದಿರುಗಿ, ಸೋಂಪುರದಿಂದ ಬೆಲ್ಲ ತಂದಿದ್ದವರ ಕೈಯಲ್ಲಿ ಅಜ್ಜಿಯ ತವರಿಗೆ ಸುದ್ದಿ ಮುಟ್ಟಿಸಿದ್ದರು. ಜಗಲಿಯ ಮೇಲೆ ಅಜ್ಜಿಯ ತಮ್ಮ, ನಾವು ಸೋಂಪುರದ ತಾತ ಎನ್ನುವವರು, ಕಂಕುಳಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಕೆಂಪಾಗಿ ಕೂತಿದ್ದರು. ಅವರೆದುರು ಅಜ್ಜಿ ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ತಾತ ಬಂದದ್ದು ಅಳುವುದಕ್ಕಿಂತ ಹೆಚ್ಚಾಗಿ ಜಗಳಕ್ಕಂತೆ. ಹುಟ್ಟಿದ ಮನೆಯವರಿಗೆ ಒಂದು ಮಾತು ಹೇಳದೆ ಸುಟ್ಟು, ಮೂಳೆಯನ್ನೂ ಹೊಳೆಗೆ ಕಳಿಸಿದರಲ್ಲ ಎಂದು ಬೀದಿಯಿಂದಲೇ ಕೂಗುತ್ತ ಬಂದಿದ್ದರು. ಬಾಗಿಲು ತೆಗೆದವರು ಅಜ್ಜಿಯೇ.

"ಯಾರ್ ಹೋದ್ರೋ ತಮ್ಮಾ, ಅಂದೆ," ಎಂದು ಅಜ್ಜಿ ನನಗೆ ವರದಿ ಒಪ್ಪಿಸಿದರು. "ನೀನೇ ಅಂತಲ್ಲಕ್ಕಾ, ಅಂದ. ಹಂಗಾದ್ರೆ ಬಾ, ಕೂತ್ಕೊ, ನೀರ್ ಕುಡಿ ಅಂದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮ ಹಣೆ ಚಚ್ಚಿಕೊಂಡರು. "ಅಲ್ಲ ಕಣೇ, ಬಸ್ನಲ್ಲಿ ಒಂದ್ ಮಾತು, ಇದು ಕೋಳಿ ಅನ್ನಕ್ಕೆ ಬಾಯಿರ್ಲಿಲ್ವಾ ನಿಂಗೆ?" ಹೊಸ ಕುಡಿಕೆ ಕೊಟ್ಟವರು 'ನೀವೇ' ಎನ್ನಬಹುದಿತ್ತು, ಅನ್ನಲಿಲ್ಲ. ತಾತ ಎದ್ದು, ಪೊಟ್ಟಣವನ್ನು ಕಂಕುಳಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿ, ಹೊರಡುತ್ತೇನೆ ಎಂದರು. ಅಜ್ಜಿ ಮೊರ ಪಕ್ಕಕ್ಕಿಟ್ಟರು.

"ಅದೇನ್ಲಾ ಅದು?"

"ಏನಿಲ್ಲಕ್ಕಾ. ಸೀರೆ. ಹನ್ನೊಂದನೇ ದಿನುಕ್ಕೆ ಎಡೆ ಮುಂದೆ ಮಡಗಕ್ಕೆ ಅಂತ."

"ನಂಗೆ ಅಂತ ತಂದಿದ್ದಲ್ವಾ?"

"ಅಕ್ಕಾ, ಅದು ಸತ್ತೋರ್‌ಗೆ ತಂದಿದ್ದು."

"ಬದ್ಕಿದ್ದಾಗ ಗೌರಿ ಹಬ್ಬುಕ್ಕೆ ತತ್ತೀನಿ ತತ್ತೀನಿ ಅಂತ ಎಷ್ಟ್ ವರ್ಸ ಆಯ್ತು? ಸತ್ ಮೇಲಾದ್ರೂ ತಂದ್ಯಲ್ಲ. ಕೊಡಿಲ್ಲಿ."

ತಾತ ಕೊಟ್ಟರು. ಕಂದು ಬಣ್ಣದ, ಒಳ್ಳೆಯ ನೂಲಿನ ಸೀರೆ. ಅಜ್ಜಿ ಅದನ್ನು ಮಡಿಲಲ್ಲಿ ಹರವಿಕೊಂಡು ಅಂಚು ಮುಟ್ಟಿ ಮುಟ್ಟಿ ನೋಡಿದರು. ಮುಂದಿನ ವಾರ ಅದನ್ನೇ ಉಟ್ಟು ನೆಲಮಂಗಲದ ಮಂಡಿಗೆ ಹೋಗಿ ರುಮಾಲಿನ ಹಿರಿಯರಿಗೆ ಮುಖ ತೋರಿಸಿಯೂ ಬಂದರು. ಅವರು ಎದ್ದು ನಿಂತು ಅರ್ಧ ಉಂಡೆ ಬೆಲ್ಲ ಕೊಟ್ಟರಂತೆ.

ಆಮೇಲಿನ ಕೋಳಿ ಸಾರಿನ ದಿನ ಚಿಕ್ಕಪ್ಪ ಅಭ್ಯಾಸದಂತೆ ಸೊಂಟವನ್ನು ಕೊರಡಿನ ಮೇಲಿಟ್ಟು ಒಂದು ಕಣ್ಣು ಮುಚ್ಚಿದಾಗ, ಅಜ್ಜಿ ಒಳಗಿನಿಂದಲೇ, "ಏಯ್, ಅದನ್ನ ಮುಟ್‌ಬ್ಯಾಡ. ಅದು ಕಾಲೇಜ್ನೋಳ್ದು" ಎಂದರು. ಬೆಂದ ಮೇಲೆ ಮಾಂಸ ಬಿಡಿಸಿ ಎರಡು ಪಾಲು ಮಾಡಿ ಸೊಸೆಯರಿಗೆ ಕೊಟ್ಟು, ಬರಿ ಮೂಳೆಯನ್ನು ತೊಳೆದು ಗೌರವದಿಂದ ನನ್ನ ತಟ್ಟೆಯ ನಡುವೆ ಇಟ್ಟರು. ಅಂದಿನಿಂದ ಹಾಗೆಯೇ ನಡೆದಿದೆ. ಭಾವ ಸಹ ಈಗ ತೊಡೆಮೂಳೆಯನ್ನು ತುದಿ ಕಚ್ಚದೆ, ತಾವೇ ಎದ್ದು ಬಂದು ನನ್ನ ತಟ್ಟೆಗೆ ಹಾಕುತ್ತಾರೆ. ಮನೆಯಲ್ಲಿ ಅಂತೂ ನನಗೂ ಒಂದು ಗೊತ್ತಾದ ಪಾಲು ಬಂದಿದೆ; ಅದರಲ್ಲಿ ತಿನ್ನುವಂಥದ್ದು ಏನೂ ಇಲ್ಲ, ಅಷ್ಟೇ. ಮೊದಲು ಸೌಟಿಗೆ ಬಂದಷ್ಟಾದರೂ ಬರುತ್ತಿತ್ತು, ಈಗ ಅವಳ ಪಾಲು ಆಯಿತಲ್ಲ ಎಂದು ಅಮ್ಮ ಸೌಟನ್ನು ಮುಂದಕ್ಕೆ ಒಯ್ಯುತ್ತಾರೆ. ಕಾಲೇಜಿಗೆ ಬೇಕಾಗಿದ್ದದ್ದು ಒಂದೇ ಸೊಂಟ, ಅದು ಬೀರು ಸೇರಿ ಬಹಳ ದಿನವಾಯಿತು. ನನ್ನ ಕೋಣೆಯ ಗೂಡಿನಲ್ಲಿ ಈಗ ಇಡೀ ಇಡೀ ಸೊಂಟಗಳು ಒಂದರ ಮೇಲೊಂದು ಬೆಳೆಯುತ್ತಿವೆ. ಒಂದು ಸಾಕಾಗಿತ್ತು ಎಂದು ಯಾವತ್ತಾದರೂ ಊಟದ ಹೊತ್ತಿನಲ್ಲಿ ಹೇಳಬೇಕು. ಇನ್ನೂ ಹೇಳಿಲ್ಲ.